ಬಿದ್ದ ಮರಕ್ಕೆ ಬೆಂಕಿ ಇಡುವ ಮುಂಚೆ: ಎರೆ (ಕಪ್ಪು), ಮಸಾರಿ (ಕೆಂಪು) ಹೊಲದವರಿಗೆ ಒಂದು ಮಾರ್ಗದರ್ಶಿ

ನಮ್ಮ ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಒಂದು ಮರ ಬಿದ್ದರೆ ಅದು ನೆಲದ ಮೇಲೆ ವಾರ ಉಳಿಯುವುದೂ ಕಷ್ಟ. ದಪ್ಪ ಕಾಂಡ ಟ್ರ್ಯಾಕ್ಟರ್ ಹತ್ತುತ್ತದೆ, ಕೊಂಬೆ ಒಲೆಗೆ ಹೋಗುತ್ತದೆ, ಉಳಿದ ಎಲೆ, ತೊಗಟೆ, ಸಣ್ಣ ಕಡ್ಡಿ ಎಲ್ಲ ಒಂದು ಕಡೆ ಗುಡ್ಡೆ ಹಾಕಿ ಬೆಂಕಿ ಹಚ್ಚುತ್ತೇವೆ. ಹೊಲ ಸ್ವಚ್ಛ ಆಯಿತು ಅಂತ ಸಮಾಧಾನ. ಮಣ್ಣು ಪರೀಕ್ಷೆ ಚೀಟಿಯಲ್ಲಿ ಸಾವಯವ ಇಂಗಾಲ (ಎಲೆ, ಕಸ ಕೊಳೆತು ಮಣ್ಣಲ್ಲಿ ಉಳಿದ ಇಂಗಾಲ) 'ಕಡಿಮೆ' ಅಂತ ಬಂದಾಗ ತಲೆ ಕೆರೆದುಕೊಳ್ಳುತ್ತೇವೆ.

ಇಲ್ಲಿ ಲೆಕ್ಕವೇ ಉಲ್ಟಾ ಆಗಿದೆ ಅನ್ನೋದು ನನ್ನ ಅಭಿಪ್ರಾಯ. ಮರದಲ್ಲಿ ಪೋಷಕಾಂಶ ಜಾಸ್ತಿ ಇರುವುದು ಎಲೆ, ತೊಗಟೆ, ಸಣ್ಣ ಕಡ್ಡಿಯಲ್ಲಿ. ಅದನ್ನೇ ನಾವು ಸುಡುತ್ತೇವೆ. ದಪ್ಪ ದಿಮ್ಮಿಯಲ್ಲಿ ಗೊಬ್ಬರದ ಅಂಶ ಬಹಳ ಕಮ್ಮಿ, ಆದರೆ ಅದು ನೀರು ಹಿಡಿಯುತ್ತದೆ, ಹರಿದುಹೋಗುವ ಮಣ್ಣನ್ನು ತಡೆಯುತ್ತದೆ. ಎರಡೂ ಬೇರೆ ಬೇರೆ ಕೆಲಸ. ಯಾವುದನ್ನು ಎಲ್ಲಿ ಬಿಡಬೇಕು, ಯಾವುದನ್ನು ನಿಶ್ಚಿಂತೆಯಿಂದ ಒಯ್ಯಬಹುದು ಅನ್ನೋದು ಗೊತ್ತಾದರೆ ಒಲೆಗೂ ಕಟ್ಟಿಗೆ ಸಿಗುತ್ತದೆ, ನೆಲಕ್ಕೂ ಪಾಲು ಸಿಗುತ್ತದೆ.

ಮೊದಲು ಲೆಕ್ಕ, ಆಮೇಲೆ ಕೊಡ್ಲಿ

ಒಂದು ಎಕರೆಯ ಮೇಲಿನ 15 ಸೆಂ.ಮೀ. ಮಣ್ಣಿನ ತೂಕ ಸುಮಾರು 850 ಟನ್. ಅದರ ಇಂಗಾಲವನ್ನು ಶೇ. 0.4ರಿಂದ 0.5ಕ್ಕೆ ಏರಿಸಬೇಕು ಅಂದುಕೊಳ್ಳಿ. ಬರೀ 0.1 ಏರಿಕೆ, ಕೇಳೋಕೆ ಏನೂ ಅಲ್ಲ. ಅದಕ್ಕೂ 850 ಕೆಜಿ ಇಂಗಾಲ ಮಣ್ಣಿನಲ್ಲಿ ನಿಲ್ಲಬೇಕು. ಒಣ ಕಟ್ಟಿಗೆ, ಕಸ-ಕಡ್ಡಿಯ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಇಂಗಾಲವೇ. ಆದರೆ ಹಾಕಿದ್ದೆಲ್ಲ ನಿಲ್ಲುವುದಿಲ್ಲ. ಕೊಳೆಯುವಾಗ ಶಿಲೀಂಧ್ರ, ಬ್ಯಾಕ್ಟೀರಿಯ, ಹುಳಹುಪ್ಪಡಿ ಎಲ್ಲ ಅದನ್ನು ತಿಂದು ಉಸಿರಾಡಿ ಹೆಚ್ಚಿನ ಪಾಲನ್ನು ಗಾಳಿಗೆ ಬಿಟ್ಟುಬಿಡುತ್ತವೆ. ಹತ್ತರಲ್ಲಿ ಒಂದೋ ಎರಡೋ ಪಾಲು ಮಾತ್ರ ಮಣ್ಣಿನ ಕಣಕ್ಕೆ ಅಂಟಿಕೊಂಡು ವರ್ಷಗಟ್ಟಲೆ ಉಳಿಯುತ್ತದೆ. ಅಂದರೆ ಎಕರೆಗೆ ಎಂಟೂವರೆಯಿಂದ 17 ಟನ್ ಒಣ ಕಸ ಬೇಕಾಯಿತು. ಒಂದು ಬೇವಿನ ಮರ ಬಿದ್ದಿದ್ದಕ್ಕೆ ಹೊಲದ ಇಂಗಾಲ ಏರುತ್ತೆ ಅಂತ ಯಾರಾದರೂ ಹೇಳಿದರೆ ನಕ್ಕುಬಿಡಿ.

ಹಾಗಾದರೆ ದಿಮ್ಮಿ ಯಾಕೆ ಬಿಡಬೇಕು? ನಮ್ಮ ನೆಲ ಇಂಗಾಲ ಕಳೆದುಕೊಳ್ಳುವುದು ಗಾಳಿಗೆ ಅಷ್ಟೇ ಅಲ್ಲ, ನೀರಿಗೂ. ವರ್ಷಕ್ಕೆ ಬೀಳೋದು 600 ಮಿ.ಮೀ. ಆಸುಪಾಸು ಮಳೆ. ಅದೂ ನಾಲ್ಕು ಜೋರು ಮಳೆಯಲ್ಲಿ ಬಂದು ಮೇಲಿನ ಪದರವನ್ನೇ ಹಳ್ಳಕ್ಕೆ ಒಯ್ಯುತ್ತದೆ. ಇಂಗಾಲ, ಪೋಷಕಾಂಶ ಎಲ್ಲ ಇರುವುದು ಆ ಪದರದಲ್ಲೇ. ಇಳಿಜಾರಿಗೆ ಅಡ್ಡ ಬಿದ್ದಿರುವ ದಿಮ್ಮಿ ಅದನ್ನು ತಡೆದರೆ, ತಾನು ಕೊಳೆತು ಕೊಡುವುದಕ್ಕಿಂತ ಜಾಸ್ತಿ ಉಪಕಾರ ಅಲ್ಲಿಯೇ ಆಗಿರುತ್ತದೆ.

ಪ್ರಪಂಚದ ಲೆಕ್ಕ ನೋಡಿದರೆ ಸತ್ತ ಮರ ಸಣ್ಣ ವಿಷಯ ಅಲ್ಲ. ಕಾಡುಗಳಲ್ಲಿರುವ ಒಟ್ಟು ಇಂಗಾಲದಲ್ಲಿ ಸುಮಾರು ಶೇ. 8 ಸತ್ತ ಮರದಲ್ಲೇ ಇದೆ. 2021ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಅಂದಾಜಿನಂತೆ, ಕೊಳೆಯುವ ಮರದಿಂದ ವರ್ಷಕ್ಕೆ ಸುಮಾರು 1,090 ಕೋಟಿ ಟನ್ ಇಂಗಾಲ ಬಿಡುಗಡೆ ಆಗುತ್ತದೆ, ಅದರಲ್ಲಿ ಶೇ. 29 ಹುಳಗಳ ಕೆಲಸ. ಅಮೆರಿಕದ ಒರೆಗಾನ್ ರಾಜ್ಯದ ಒಂದು ಪ್ರಯೋಗದ ಕಾಡಿನಲ್ಲಿ 1985ರಲ್ಲಿ 500ಕ್ಕೂ ಜಾಸ್ತಿ ದಿಮ್ಮಿಗಳನ್ನು ನೆಲದ ಮೇಲೆ ಇಟ್ಟು, ಅವು ಹೇಗೆ ಕೊಳೆಯುತ್ತವೆ ಅಂತ 200 ವರ್ಷ ನೋಡುವ ಯೋಜನೆ ಶುರು ಮಾಡಿದರು. ಇನ್ನೂರು ವರ್ಷ! ಅಲ್ಲಿ ಚಳಿ, ತೇವ, ಭಾರಿ ಗಾತ್ರದ ಮರಗಳು. ನಮ್ಮಲ್ಲಿ ಆ ಲೆಕ್ಕ ನಡೆಯುವುದಿಲ್ಲ, ಗೆದ್ದಲು ಬಿಡುವುದೂ ಇಲ್ಲ.

ನಿಮ್ಮ ನೆಲ ಯಾವುದು?

ಮಸಾರಿ ಹೊಲ ಇದ್ದವರಿಗೆ ಈ ಕೆಲಸದಿಂದ ಲಾಭ ಜಾಸ್ತಿ. ಕೆಂಪು ಮಣ್ಣು ತೆಳು, ಮರಳಿನ ಅಂಶ ಹೆಚ್ಚು, ನೀರು ನಿಲ್ಲಲ್ಲ, ಇಂಗಾಲ ಹಿಡಿದಿಡುವ ಜೇಡಿಯೂ ಕಮ್ಮಿ. ಕುಷ್ಟಗಿ, ಯಲಬುರ್ಗಾ, ಸಂಡೂರು ಕಡೆ ಗುಡ್ಡದ ಬುಡದ ಹೊಲ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಎರೆ ಹೊಲದ ಕಥೆ ಬೇರೆ. ಅಲ್ಲಿ ಜೇಡಿ ಮಣ್ಣು ತಾನೇ ಇಂಗಾಲವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ, ನೀರೂ ನಿಲ್ಲುತ್ತದೆ. ಜೊತೆಗೆ ಕುಂಟೆ ಹೊಡೆಯುವ ಹೊಲದ ನಡುವೆ ದಿಮ್ಮಿ ಬಿಟ್ಟರೆ ಮನೆಯವರೇ ಬೈಯುತ್ತಾರೆ. ಎರೆಯಲ್ಲಿ ದಿಮ್ಮಿಗೆ ಒಡ್ಡಿನ ಪಕ್ಕ, ಹೊಲದ ಅಂಚು, ಇಷ್ಟೇ ಜಾಗ.

ಶುರು ಮಾಡುವ ಮುಂಚೆ ಒಂದು ಸಲ ಮಣ್ಣು ಪರೀಕ್ಷೆ ಮಾಡಿಸಿಬಿಡಿ. ಹೊಲದ ಎಂಟು-ಹತ್ತು ಕಡೆ 'ವಿ' ಆಕಾರದ ಗುಂಡಿ ತೆಗೆದು, 15 ಸೆಂ.ಮೀ. ಆಳದವರೆಗೆ ಅಂಚಿನಿಂದ ಒಂದೇ ಸಮ ಮಣ್ಣು ಕೆರೆದು, ಎಲ್ಲ ಬೆರೆಸಿ ಅರ್ಧ ಕೆಜಿ ಮಾಡಿ ರೈತ ಸಂಪರ್ಕ ಕೇಂದ್ರಕ್ಕೆ ಕೊಟ್ಟರೆ ಆಯಿತು. ಮರದ ಬುಡ, ತಿಪ್ಪೆ, ಒಡ್ಡಿನ ಹತ್ತಿರ ತೆಗೆಯಬೇಡಿ, ಅಲ್ಲಿಯ ಮಣ್ಣು ಸುಳ್ಳು ಹೇಳುತ್ತದೆ. ಚೀಟಿಯಲ್ಲಿ ಸಾವಯವ ಇಂಗಾಲ ಶೇ. 0.5ಕ್ಕಿಂತ ಕೆಳಗಿದ್ದರೆ ಕಡಿಮೆ, 0.5ರಿಂದ 0.75 ಮಧ್ಯಮ, ಅದರ ಮೇಲೆ ಹೆಚ್ಚು. ಪಿಎಚ್ (ಮಣ್ಣು ಹುಳಿಯೋ ಕ್ಷಾರವೋ ಅನ್ನೋ ಅಳತೆ) ಕೂಡ ಬರೆದಿಟ್ಟುಕೊಳ್ಳಿ, ಬೂದಿಯ ಮಾತು ಬಂದಾಗ ಬೇಕಾಗುತ್ತದೆ.

ಮರ ಯಾರದ್ದು?

ಈ ಲೇಖನ ನಿಮ್ಮ ಹೊಲ, ನಿಮ್ಮ ತೋಟದ ಮರಕ್ಕೆ. ಮೀಸಲು ಅರಣ್ಯದ ಒಣ ದಿಮ್ಮಿಯನ್ನು ಎತ್ತಿಕೊಂಡು ಬಂದು ಹೊಲದಲ್ಲಿ ಇಡೋದು ಬೇಡ. ಅದು ಕಾನೂನಿಗೂ ವಿರುದ್ಧ, ಒಂದು ಕಡೆ ಬಗೆದು ಇನ್ನೊಂದು ಕಡೆ ಮುಚ್ಚಿದ ಲೆಕ್ಕವೂ ಆಗುತ್ತದೆ. ದರೋಜಿ ಕರಡಿಧಾಮದ ಕರಡಿಗಳು ಹೊಟ್ಟೆ ತುಂಬಿಸಿಕೊಳ್ಳುವುದು ಗೆದ್ದಲು, ಇರುವೆ, ಹಣ್ಣುಗಳ ಮೇಲೆ. ಕೊಳೆತ ದಿಮ್ಮಿ ಒಡೆದು, ಹುತ್ತ ಕೆದರಿ ತಿನ್ನುವ ಪ್ರಾಣಿ ಅದು. ಕಾಡಿನ ಸತ್ತ ಮರ ಅಂದರೆ ಅವುಗಳ ಊಟದ ಜಾಗ. ಇನ್ನು ನಿಮ್ಮದೇ ಹೊಲದ ನಿಂತ ಮರ ಕಡಿಯುವುದಿದ್ದರೆ ಮೊದಲು ವಲಯ ಅರಣ್ಯ ಕಚೇರಿಯಲ್ಲಿ ಕೇಳಿಕೊಂಡು ಬನ್ನಿ. 1976ರ ವೃಕ್ಷ ಸಂರಕ್ಷಣಾ ಕಾಯ್ದೆ ಖಾಸಗಿ ಜಮೀನಿನ ಮರಕ್ಕೂ ಅನ್ವಯಿಸುತ್ತದೆ.

ಹೆಬ್ಬೆರಳು, ಮುಂಗೈ, ತೊಡೆ

ಮರ ಬಿತ್ತು, ನಿಮ್ಮದೇ, ಕತ್ತರಿಸಲು ಆಳೂ ಬಂದಿದ್ದಾರೆ. ಮೂರು ಪಾಲು ಮಾಡಿಸಿ. ಅಳತೆಗೆ ಟೇಪು ಬೇಡ, ಮೈಯೇ ಸಾಕು.

ಹೆಬ್ಬೆರಳಿಗಿಂತ ಸಣ್ಣದು ಎಲ್ಲವೂ ನೆಲಕ್ಕೆ. ಎಲೆ, ಚಿಗುರು, ಕಡ್ಡಿ, ಉದುರಿದ ತೊಗಟೆ. ಹೊಂಗೆ, ಗ್ಲಿರಿಸಿಡಿಯ ತರಹದ ಗಿಡದ ಎಲೆಯನ್ನು ಹಸಿರಾಗಿದ್ದಾಗ ಕತ್ತರಿಸಿ ಒಣಗಿಸಿದರೆ ನೂರು ಕೆಜಿಯಲ್ಲಿ ಎರಡು-ಮೂರು ಕೆಜಿ ಸಾರಜನಕ ಇರುತ್ತದೆ. ಅದೇ ತೂಕದ ಕಾಂಡದಲ್ಲಿ ಸಾಮಾನ್ಯವಾಗಿ ಅರ್ಧ ಕೆಜಿಯೂ ಇರಲ್ಲ. ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ತೊಗಟೆಯಲ್ಲಿ ಜಾಸ್ತಿ. ಕಡ್ಡಿ ಸಣ್ಣದಾದಷ್ಟೂ ಅದರಲ್ಲಿ ತೊಗಟೆಯ ಪಾಲು ಹೆಚ್ಚು. ಅದಕ್ಕೇ ಸಣ್ಣ ಕಡ್ಡಿ ಬಿಡಿ ಅನ್ನೋದು. ಇವನ್ನು ಗುಡ್ಡೆ ಹಾಕಬೇಡಿ, ಕೊಡ್ಲಿಯಿಂದ ಒಂದೆರಡು ಏಟು ಹಾಕಿ ನೆಲಕ್ಕೆ ತಾಗುವ ಹಾಗೆ ಹರಡಿ. ನೆಲ ಮುಟ್ಟದೆ ಮೇಲೆ ನಿಂತ ಕಡ್ಡಿ ನಮ್ಮ ಬಿಸಿಲಿಗೆ ಸುಮ್ನೆ ಒಣಗುತ್ತದೆ, ಕೊಳೆಯಲ್ಲ, ಬೇಸಿಗೆಯಲ್ಲಿ ಬೆಂಕಿಗೆ ಆಹಾರ ಆಗುತ್ತದೆ ಅಷ್ಟೇ.

ಮುಂಗೈ ದಪ್ಪದ್ದು ಒಲೆಗೆ ಹೋಗಲಿ, ಮಾರಾಟಕ್ಕೆ ಹೋಗಲಿ. ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ನೆಲಕ್ಕೆ ಇದರಿಂದ ಆಗುವ ನಷ್ಟ ಸಣ್ಣದು.

ತೊಡೆ ದಪ್ಪದ್ದರಲ್ಲಿ ನೇರ ಇರುವುದನ್ನು, ಬೆಲೆ ಬರುವುದನ್ನು ಮಾರಿ. ಡೊಂಕು, ಪೊಳ್ಳು, ಸೀಳಿದ ದಿಮ್ಮಿಗೆ ಹೇಗೂ ದುಡ್ಡು ಬರಲ್ಲ, ಟ್ರ್ಯಾಕ್ಟರ್ ಬಾಡಿಗೆಯೂ ಹುಟ್ಟಲ್ಲ. ಅವನ್ನು ನೆಲಕ್ಕೆ ಬಿಡಿ. ಯಾವ ಜಾತಿ ಅನ್ನೋದೂ ನೋಡಿಕೊಳ್ಳಿ. ನುಗ್ಗೆ ತರಹದ ಮೆತ್ತನೆ ಮರ ಬೇಗ ಪುಡಿಯಾಗುತ್ತದೆ. ಕಮರ ಮರದ ಒಳತಿರುಳು ಬಹಳ ಗಟ್ಟಿ, ಗೆದ್ದಲಿಗೂ ಸುಲಭಕ್ಕೆ ಬಗ್ಗಲ್ಲ, ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಮಣ್ಣು ತಡೆಯಲು ಗಟ್ಟಿಯದು ಒಳ್ಳೆಯದು, ಬೇಗ ಕೊಳೆಯಬೇಕು ಅಂದರೆ ಮೆತ್ತನೆಯದು.

ಜಾಲಿಯ ವಿಷಯ ಬೇರೆಯೇ

ನಮ್ಮ ಜಿಲ್ಲೆಯ ಹೆಸರನ್ನೇ ಹೊತ್ತಿರುವ ಬಳ್ಳಾರಿ ಜಾಲಿ ನಮ್ಮ ಊರಿನ ಮರವೇ ಅಲ್ಲ. ಮೆಕ್ಸಿಕೊ, ದಕ್ಷಿಣ ಅಮೆರಿಕದ ಕಡೆಯಿಂದ 19ನೇ ಶತಮಾನದಲ್ಲಿ ಭಾರತಕ್ಕೆ ಬಂದದ್ದು. ಬಂದಮೇಲೆ ಹೋಗುವ ಮಾತೇ ಇಲ್ಲ. ಆದರೆ ಒಂದು ಒಪ್ಪಿಕೊಳ್ಳಬೇಕು: ಅದು ದ್ವಿದಳ ಜಾತಿ, ಬೇರಿನಲ್ಲಿ ಗಾಳಿಯ ಸಾರಜನಕ ಹಿಡಿಯುತ್ತದೆ. ಹಳೆಯ ಜಾಲಿಯ ಬುಡದ ಮಣ್ಣು ಪಕ್ಕದ ಬಯಲಿಗಿಂತ ಕಪ್ಪಾಗಿ, ಪುಡಿಪುಡಿಯಾಗಿ ಇರುವುದನ್ನು ನೀವೂ ನೋಡಿರುತ್ತೀರಿ. ಹಾಗಾಗಿ ಜಾಲಿ ತೆಗೆಯುವವರು ಮೇಲ್ಮಣ್ಣನ್ನು ಜೆಸಿಬಿಯಲ್ಲಿ ಬಗೆದು ಒಡ್ಡಿಗೆ ತಳ್ಳುವುದು ಬುದ್ಧಿವಂತಿಕೆ ಅಲ್ಲ. ಇದ್ದಬದ್ದ ಇಂಗಾಲ ಎಲ್ಲ ಅದರಲ್ಲೇ ಇರುತ್ತದೆ.

ತೆಗೆಯುವಾಗ ಬುಡವನ್ನು ನೆಲದ ಮಟ್ಟಕ್ಕೆ ಕಡಿದರೆ ಮಳೆ ಬಿದ್ದ ಮೇಲೆ ಒಂದಕ್ಕೆ ಹತ್ತು ಚಿಗುರು ಬರುತ್ತವೆ. ಬೇರಿನ ಮೇಲ್ಭಾಗ, ಚಿಗುರು ಹುಟ್ಟುವ ಗಂಟು ಇರುತ್ತಲ್ಲ, ಅದನ್ನು ಒಂದಡಿ ಆಳದವರೆಗೆ ಅಗೆದು ಕಿತ್ತರೆ ಮಾತ್ರ ಕೆಲಸ. ಕೆಳಗಿನ ಬೇರನ್ನು ಕೀಳುವ ಗೋಜಿಗೆ ಹೋಗಬೇಡಿ. ಅದು ಅಲ್ಲೇ ಕೊಳೆತು ನೀರಿಳಿಯುವ ದಾರಿ ಮಾಡುತ್ತದೆ, ಆಳದ ಮಣ್ಣಿಗೆ ಇಂಗಾಲ ಹೋಗಲು ಅದಕ್ಕಿಂತ ಸುಲಭದ ದಾರಿ ಇಲ್ಲ. ಕಂಟಿಯನ್ನು ನೆಲದ ಮೇಲೆ ಬಿಡುವ ಮುಂಚೆ ಕಾಯಿ ಆರಿಸಿ ತೆಗೆದುಬಿಡಿ. ಕಾಯಿ ಹಾಗೇ ಬಿಟ್ಟರೆ ಆಡು, ದನ ತಿಂದು ಬೀಜವನ್ನು ಊರೆಲ್ಲ ಹಂಚುತ್ತವೆ. ಮುಳ್ಳಿನ ಕಂಟಿಯನ್ನು ಓಡಾಡುವ ಕಡೆ ಹರಡಬೇಡಿ, ಟ್ರ್ಯಾಕ್ಟರ್ ಟೈರನ್ನೂ ಅದು ಬಿಡಲ್ಲ. ಬೇಲಿಯ ಬುಡಕ್ಕೆ ಒತ್ತಿ ಹಾಕಿದರೆ ಬೇಲಿಯೂ ಆಯಿತು, ಕೊಳೆತ ಮೇಲೆ ಮಣ್ಣೂ ಆಯಿತು.

ದಿಮ್ಮಿಯನ್ನು ಇಳಿಜಾರಿಗೆ ಅಡ್ಡ ಮಲಗಿಸುವುದು

ಇದಕ್ಕೆ ಸಮಯ ಕೊಡಿ, ಅವಸರ ಮಾಡಿದರೆ ಇದರಿಂದಲೇ ಕೊರಕಲು ಬೀಳುತ್ತದೆ. ಮೇ ತಿಂಗಳ ಕೊನೆಯೊಳಗೆ, ಮೊದಲ ಜೋರು ಮಳೆಗೆ ಮುಂಚೆ ಕೆಲಸ ಮುಗಿಸಿ.

ಮೊದಲು ಸಮಮಟ್ಟದ ಗೆರೆ ಹಾಕಿ. ಗೌಂಡಿಗಳು ಬಳಸುವ ನೀರಿನ ಲೆವೆಲ್ ಪೈಪು ಸಾಕು. ಎರಡು ತುದಿಯ ನೀರೂ ಒಂದೇ ಮಟ್ಟಕ್ಕೆ ಬರುವ ಜಾಗಗಳಲ್ಲಿ ಗೂಟ ಹೊಡೆಯುತ್ತಾ ಹೋದರೆ ಗೆರೆ ತಾನೇ ಬರುತ್ತದೆ. ಕಣ್ಣಂದಾಜು ನಂಬಬೇಡಿ. ಒಂದು ತುದಿ ತುಸು ಕೆಳಗಿದ್ದರೂ ನೀರೆಲ್ಲ ಆ ಕಡೆ ಓಡಿ ಅಲ್ಲಿಯೇ ಕೊರೆಯುತ್ತದೆ.

ಗೆರೆಯ ಉದ್ದಕ್ಕೂ ದಿಮ್ಮಿಯ ಮೂರನೇ ಒಂದು ಪಾಲು ಮುಳುಗುವಷ್ಟು ತಗ್ಗು ತೆಗೆದು ದಿಮ್ಮಿ ಉರುಳಿಸಿ. ತಗ್ಗಿನ ಮಣ್ಣನ್ನು ಮೇಲ್ಮಗ್ಗುಲಿಗೆ ಹಾಕಿ ತುಳಿಯಿರಿ. ಕೆಳಗೆ ಬೆಳಕು ಕಾಣುವಷ್ಟು ಸಂದು ಇರಬಾರದು. ದಿಮ್ಮಿ ಡೊಂಕಿದ್ದರೆ ಸಂದಿಗೆ ಆ ಹೆಬ್ಬೆರಳು ದಪ್ಪದ ಕಡ್ಡಿ, ಎಲೆ, ಕಲ್ಲು ತುರುಕಿ. ಕೆಳಮಗ್ಗುಲಿಗೆ ಎರಡು ಗೂಟ ಹೊಡೆಯಿರಿ, ಇಲ್ಲದಿದ್ದರೆ ಮೊದಲ ಮಳೆಗೇ ಉರುಳುತ್ತದೆ. ಸಾಲು ಎಷ್ಟು ದೂರಕ್ಕೆ ಒಂದು ಅನ್ನೋದು ಇಳಿಜಾರಿನ ಮೇಲೆ. ಕಡಿದಾದಲ್ಲಿ ಹತ್ತಿರ, ಚಪ್ಪಟೆಯಿದ್ದಲ್ಲಿ ದೂರ. ಕೊಪ್ಪಳದ ಬಂಡೆ ಗುಡ್ಡಗಳ ಕೆಳಗಿನ ಹೊಲದಲ್ಲಿ ಮೊದಲ ಸಾಲು ಬಂಡೆಯ ಬುಡಕ್ಕೇ ಬರಲಿ, ಬೋಳು ಬಂಡೆ ಮೇಲೆ ಬಿದ್ದ ನೀರೆಲ್ಲ ಅಲ್ಲಿಗೇ ಧುಮುಕುವುದು.

ಹಳ್ಳದೊಳಗೆ ಮಾತ್ರ ಇಡಬೇಡಿ. ತೇಲಿ ಹೋಗಿ ಕೆಳಗಿನ ಸಿಡಿ ತೂಬಿಗೆ (ರಸ್ತೆಯಡಿ ನೀರು ಹೋಗುವ ಮೋರಿಗೆ) ಸಿಕ್ಕಿಕೊಂಡರೆ ಪಕ್ಕದ ಹೊಲದವರು ನಿಮ್ಮ ಮನೆಗೇ ಬರುತ್ತಾರೆ.

ಒಂದು ಮಳೆಗಾಲ ಕಳೆದ ಮೇಲೆ ಹೋಗಿ ನೋಡಿ. ದಿಮ್ಮಿಯ ಮೇಲ್ಮಗ್ಗುಲಿಗೆ ನುಣುಪು ಗೋಡು ಮಣ್ಣು ಕೂತಿರುತ್ತದೆ. ಬೇವಿನ ಬೀಜ, ಆಡಿನ ಹಿಕ್ಕೆ, ಹುಲ್ಲಿನ ಬೀಜ ಎಲ್ಲ ಅದರಲ್ಲಿ ಸಿಕ್ಕಿಕೊಂಡಿರುತ್ತವೆ. ಕೋಲಿನಿಂದ ದಿಮ್ಮಿಯನ್ನು ತುಸು ಎತ್ತಿ. ಸುತ್ತ ನೆಲ ಒಣಗಿ ಬಿಳುಚಿದ್ದರೂ ಅದರ ಕೆಳಗೆ ಒಂದು ಅಂಗೈ ಅಗಲಕ್ಕೆ ಮಣ್ಣು ಕಪ್ಪಗೆ ಹಸಿಯಾಗಿರುತ್ತದೆ. ತೊಗಟೆ ಸರಿಸಿದರೆ ಒಳಗೆ ಬಿಳಿ ನೂಲಿನ ಬಲೆ, ಅದೇ ಶಿಲೀಂಧ್ರ. ಅಲ್ಲಲ್ಲಿ ಸೂಜಿ ತೂರುವಷ್ಟು ತೂತು, ತೂತಿನ ಬಾಯಲ್ಲಿ ಹಿಟ್ಟಿನಂಥ ಪುಡಿ, ಅದು ಕೊರಕ ಹುಳದ್ದು. ಹುಳ ಕೊರೆದ ದಾರಿಯಲ್ಲೇ ನೀರು, ಶಿಲೀಂಧ್ರ ಒಳಗೆ ಹೋಗುವುದು.

ಎಷ್ಟು ಕೊಳೆತಿದೆ ಅಂತ ತಿಳಿಯಲು ಚಾಕು ಸಾಕು. ತೊಗಟೆ ಬಿಗಿಯಾಗಿದ್ದು ಚಾಕು ಇಳಿಯದಿದ್ದರೆ ಇನ್ನೂ ಕಟ್ಟಿಗೆಯೇ. ತೊಗಟೆ ಕಳಚಿ ಚಾಕುವಿನ ತುದಿ ಇಳಿದರೆ ಶುರುವಾಗಿದೆ. ಅಲಗು ಪೂರ್ತಿ ಇಳಿದರೆ ಒಳಗೆ ನೀರು ಹಿಡಿಯುವ ಹಂತ ಬಂದಿದೆ, ಮಳೆಯ ಮರುದಿನ ಒಂದು ತುಂಡು ಹಿಂಡಿದರೆ ನೀರು ತೊಟ್ಟಿಕ್ಕುತ್ತದೆ. ಕೊನೆಗೆ ಕಟಕ್ ರೊಟ್ಟಿ ಮುರಿದ ಹಾಗೆ ಕೈಯಲ್ಲೇ ಮುರಿಯುತ್ತದೆ. ಈ ಕೊನೆಯ ಎರಡು ಹಂತದ ದಿಮ್ಮಿಯನ್ನು ಎತ್ತಿ ಬೇರೆಡೆ ಇಡಬೇಡಿ, ಅದರ ಉಪಯೋಗ ಈಗಷ್ಟೇ ಶುರುವಾಗಿದೆ.

"ಗೆದ್ಲ ಹತ್ತಂಗಿಲ್ಲೇನ್ರೀ?"

ಈ ವಿಷಯ ಎಲ್ಲಿ ಹೇಳಿದರೂ ಮೊದಲು ಬರೋ ಪ್ರಶ್ನೆ ಇದೇ: "ಅಲ್ರೀ, ಕಟಗಿ ಹೊಲದಾಗ ಬಿಟ್ರ ಗೆದ್ಲ ಹತ್ತಂಗಿಲ್ಲೇನ್ರೀ?" ಹತ್ತುತ್ತದೆ. ಹತ್ತಲೇಬೇಕು. ನಮ್ಮ ಸೀಮೆಯಲ್ಲಿ ಮರ ಕೊಳೆಸುವ ದೊಡ್ಡ ಕೆಲಸಗಾರ ಗೆದ್ದಲೇ. ಶಿಲೀಂಧ್ರಕ್ಕೆ ತೇವ ಬೇಕು, ನಮ್ಮಲ್ಲಿ ವರ್ಷದ ಏಳೆಂಟು ತಿಂಗಳು ತೇವವೇ ಇರಲ್ಲ. ಗೆದ್ದಲು ಮಣ್ಣಿನಿಂದ ತೇವವನ್ನು ತಾನೇ ತಂದು, ಮಣ್ಣಿನ ಕೊಳವೆ ಕಟ್ಟಿಕೊಂಡು ಬಿಸಿಲಲ್ಲೂ ಕೆಲಸ ಮಾಡುತ್ತದೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ, ಹಲವು ದೇಶಗಳಲ್ಲಿ ನಡೆದ ಅಧ್ಯಯನದ ಪ್ರಕಾರ ಉಷ್ಣಾಂಶ 10 ಡಿಗ್ರಿ ಏರಿದರೆ ಗೆದ್ದಲು ಮರವನ್ನು ಹುಡುಕಿ ತಿನ್ನುವ ವೇಗ 6.8 ಪಟ್ಟಿಗಿಂತ ಜಾಸ್ತಿ ಆಗುತ್ತದೆ, ಸೂಕ್ಷ್ಮಜೀವಿಗಳದ್ದು ಎರಡು ಪಟ್ಟೂ ಆಗಲ್ಲ. ರಾಯಚೂರಿನ ಬೇಸಿಗೆ ಗೊತ್ತಲ್ಲ, 40 ಡಿಗ್ರಿ ದಾಟುವ ಊರು. ಇಲ್ಲಿ ದಿಮ್ಮಿಗೆ ಆಯುಸ್ಸು ಕಮ್ಮಿ ಯಾಕೆ ಅಂತ ಇದರಿಂದಲೇ ತಿಳಿಯುತ್ತದೆ.

ಹುತ್ತ ಕಟ್ಟುವ ಗೆದ್ದಲು ಕಟ್ಟಿಗೆಯನ್ನು ಗೂಡಿಗೆ ಒಯ್ದು ಅದರ ಮೇಲೆ ಅಣಬೆ ಬೆಳೆಸುತ್ತದೆ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ ಅಣಬೆ ಅದರ ತೋಟದ್ದೇ. ಹೀಗಾಗಿ ದಿಮ್ಮಿಯ ಪೋಷಕಾಂಶ ಬಿದ್ದಲ್ಲೇ ಉಳಿಯಲ್ಲ, ಒಂದಿಷ್ಟು ಹುತ್ತಕ್ಕೆ ಹೋಗುತ್ತದೆ. ಗೆದ್ದಲು ಆಳದಿಂದ ಜೇಡಿ ಮಣ್ಣನ್ನೂ ಮೇಲೆ ತರುತ್ತದೆ. ಪಾಳು ಬಿದ್ದ ಹುತ್ತದ ಮಣ್ಣನ್ನು ಮಸಾರಿ ಹೊಲಕ್ಕೆ ಹರಡುವ ಹಿರಿಯರ ರೂಢಿಗೆ ಅರ್ಥ ಇದೆ. ಪಂಚಮಿಗೆ ಹಾಲೆರೆಯುವ ಹುತ್ತಕ್ಕೆ ಮಾತ್ರ ಸಲಿಕೆ ಹಾಕಲು ಹೋಗಬೇಡಿ, ಊರಲ್ಲಿ ಇರಬೇಕಲ್ವಾ.

ಬೆಳೆಗೆ ಅಪಾಯ ಇಲ್ಲವೇ ಇಲ್ಲ ಅಂತ ನಾನು ಹೇಳಲ್ಲ. ಶೇಂಗಾ, ಕಬ್ಬು, ಹೊಸದಾಗಿ ನೆಟ್ಟ ಮಾವಿನ ಸಸಿ, ಇವಕ್ಕೆ ಒಣಗಾಲದಲ್ಲಿ ಗೆದ್ದಲು ಬೀಳುವುದುಂಟು. ಹಾಗಾಗಿ ದಿಮ್ಮಿಯ ಸಾಲು ಒಡ್ಡಿನಲ್ಲಿರಲಿ, ಶೇಂಗಾ ಸಾಲಿನ ನಡುವೆ ಬೇಡ. ಸಸಿಯ ಬುಡಕ್ಕೆ ಕಟ್ಟಿಗೆ ಒತ್ತಿ ಇಡಬೇಡಿ, ಎರಡು-ಮೂರು ಅಡಿ ಬಿಟ್ಟಿರಲಿ. ಮನೆ, ಕಾಳಿನ ಗೋದಾಮು, ಬಣವೆ, ಮರದ ತೊಲೆಯ ಮಾಳಿಗೆ ಮನೆ ಇದ್ದ ಕಡೆಯಂತೂ ಹತ್ತಿರ ಸುಳಿಯಗೊಡಬೇಡಿ.

ಕಟ್ಟಿಗೆಯನ್ನು ಮಣ್ಣಿಗೆ ಬೆರೆಸುವ ಮುಂಚೆ

ನೆಲದ ಮೇಲೆ ಬಿಡುವುದು ಬೇರೆ, ಮಣ್ಣಿನೊಳಗೆ ಬೆರೆಸುವುದು ಬೇರೆ. ಸೂಕ್ಷ್ಮಜೀವಿಗಳಿಗೆ 24-25 ಪಾಲು ಇಂಗಾಲಕ್ಕೆ ಒಂದು ಪಾಲು ಸಾರಜನಕ ಇದ್ದರೆ ಸರಿಹೋಗುತ್ತದೆ. ಕಟ್ಟಿಗೆ, ಗರಗಸದ ಪುಡಿಯಲ್ಲಿ ಈ ಅನುಪಾತ 200ಕ್ಕೆ ಒಂದು, 400ಕ್ಕೆ ಒಂದು ಹೀಗಿರುತ್ತದೆ. ಅದನ್ನು ರಂಟೆ ಹೊಡೆದು ಬೆರೆಸಿದರೆ ಜೀವಿಗಳು ತಮಗೆ ಕಮ್ಮಿ ಬಿದ್ದ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಬೆಳೆ ಹಳದಿ ತಿರುಗುತ್ತದೆ. ಆಮೇಲೆ ಜೀವಿಗಳು ಸತ್ತಾಗ ಅದು ವಾಪಸ್ ಬರುತ್ತದೆ ನಿಜ, ಆದರೆ ನಿಮ್ಮ ಬೆಳೆ ಅಲ್ಲಿವರೆಗೆ ಕಾಯಬೇಕಲ್ಲ. ಬೆರೆಸಲೇಬೇಕಾದರೆ ಚೂರು ಮಾಡಿದ ಕಸವನ್ನು ಸಗಣಿ ರಾಡಿ, ಹಸಿರೆಲೆ ಜೊತೆ ತಿಪ್ಪೆಯಲ್ಲಿ ಕೊಳೆಸಿ ತನ್ನಿ. ನೆಲದ ಮೇಲೆ ಸುಮ್ನೆ ಹಾಸಿದರೆ ಈ ತೊಂದರೆ ಬಹಳ ಕಮ್ಮಿ, ಮಣ್ಣಿಗೆ ತಾಗುವ ಪದರದಲ್ಲಿ ಮಾತ್ರ.

ಹತ್ತಿ ಕಟ್ಟಿಗೆಯ ವಿಷಯದಲ್ಲಿ ಇನ್ನೊಂದು ಎಚ್ಚರ. ರಾಯಚೂರು ಕಡೆ ಇದು ರಾಶಿ ರಾಶಿ. ಅದರ ಮೇಲೆ ಉಳಿದ ಅರೆಬಿರಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕದ ಹುಳ ಉಳಿದುಕೊಂಡು ಮುಂದಿನ ಬೆಳೆಗೆ ಬರುತ್ತದೆ. ಹೊಲದ ಅಂಚಿಗೆ ಬಣವೆ ಒಟ್ಟಿ ಇಡಬೇಡಿ. ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಚೂರು ಮಾಡುವ ಯಂತ್ರ ಬಾಡಿಗೆಗೆ ಸಿಗುತ್ತದೆಯೇ ಕೇಳಿ, ಕಟಾವಾದ ಕೂಡಲೇ ಚೂರು ಮಾಡಿಸಿ ಬೇಸಿಗೆಯ ಮಾಗಿ ಉಳುಮೆಗೆ ಬೆರೆಸಿದರೆ ಮುಂಗಾರು ಬಿತ್ತನೆಗೆ ಮುಂಚೆ ಕೊಳೆಯಲು ಸಮಯ ಸಿಗುತ್ತದೆ.

ಗಂಗಾವತಿ, ಸಿಂಧನೂರು, ಸಿರುಗುಪ್ಪದ ನೀರಾವರಿ ಗದ್ದೆಯವರಿಗೂ ಒಂದು ಮಾತು. ಒಂದು ಟನ್ ನೆಲ್ಲು ಹುಲ್ಲಿನಲ್ಲಿ ಸುಮಾರು 5.5 ಕೆಜಿ ಸಾರಜನಕ, 2.3 ಕೆಜಿ ರಂಜಕ, 25 ಕೆಜಿ ಪೊಟ್ಯಾಷ್ ಇರುತ್ತದೆ. ಸುಟ್ಟರೆ ಇಂಗಾಲ ಪೂರ್ತಿ, ಸಾರಜನಕ ಬಹುಪಾಲು ಹೋಯಿತು. ಸಾರಜನಕ 200 ಡಿಗ್ರಿ ದಾಟಿದ ಕೂಡಲೇ ಗಾಳಿಗೆ ಹಾರಲು ಶುರುವಾಗುತ್ತದೆ, ಅದಕ್ಕೆ ದೊಡ್ಡ ಬೆಂಕಿಯೇನೂ ಬೇಡ.

ಬೂದಿ, ಇದ್ದಿಲು

ಒಲೆಯ ಬೂದಿಯಲ್ಲಿ ಪೊಟ್ಯಾಷ್, ಕ್ಯಾಲ್ಸಿಯಂ ಇರುತ್ತದೆ, ಸಾರಜನಕ ಇರಲ್ಲ. ಬೂದಿ ಬಲವಾದ ಕ್ಷಾರ. ನಮ್ಮ ಎರೆ ನೆಲದ ಪಿಎಚ್ ಬಹಳ ಕಡೆ 8ರ ಮೇಲೆಯೇ ಇರುವಾಗ ಅದಕ್ಕೆ ಬೂದಿ ಸುರಿದರೆ ಸತು, ಕಬ್ಬಿಣ ಗಿಡಕ್ಕೆ ಇನ್ನೂ ಸಿಗದ ಹಾಗೆ ಆಗುತ್ತದೆ. ಎರೆಗೆ ಬೇಡವೇ ಬೇಡ. ಹುಳಿ ಇರುವ ಮಸಾರಿಗೆ, ಚೀಟಿ ನೋಡಿಕೊಂಡು, ತೆಳ್ಳಗೆ.

ಇದ್ದಿಲು ಮಾತ್ರ ಬೇರೆ ಜಾತಿಯ ವಸ್ತು. ಅದರ ಇಂಗಾಲವನ್ನು ಜೀವಿಗಳು ಸುಲಭವಾಗಿ ತಿನ್ನಲಾರವು, ನೂರಾರು ವರ್ಷ ಮಣ್ಣಲ್ಲಿ ಉಳಿಯುತ್ತದೆ. ಜಾಲಿ ಇದ್ದಿಲು ಸುಟ್ಟ ಜಾಗದಲ್ಲಿ ಮಾರಾಟಕ್ಕೆ ಬಾರದ ಚೂರು, ಪುಡಿ ಉಳಿದಿರುತ್ತದೆ. ಅದನ್ನು ಸಗಣಿ ರಾಡಿಯಲ್ಲಿ ಒಂದಷ್ಟು ದಿನ ನೆನೆಸಿ ಮಸಾರಿ ತೋಟದ ಗುಂಡಿಗಳಿಗೆ ಹಾಕಬಹುದು. ಒಣ ಪುಡಿಯನ್ನೇ ಹಾಕಿದರೆ ಮೊದಮೊದಲು ಅದೇ ಸಾರಜನಕ ಹೀರಿಕೊಂಡು ಕೂರುತ್ತದೆ. ಇದ್ದಿಲಿಗಾಗಿಯೇ ಒಳ್ಳೆ ಮರ ಸುಡುವುದಕ್ಕೆ ನನ್ನ ಬೆಂಬಲ ಇಲ್ಲ, ಉಳಿದದ್ದನ್ನು ಬಳಸಿ ಅಂತ ಅಷ್ಟೇ.

ರೋಗ ಬಿದ್ದ ಮರ, ಉದಾಹರಣೆಗೆ ಸೊರಗು ರೋಗದ ದಾಳಿಂಬೆ ಗಿಡ, ಇವನ್ನು ಬೇರು ಸಮೇತ ಕಿತ್ತು ಸುಟ್ಟುಬಿಡಿ. ಇಲ್ಲಿ ಇಂಗಾಲದ ಲೆಕ್ಕ ಹಾಕುತ್ತಾ ಕೂರಬೇಡಿ.

ನೀಲಗಿರಿ ತೋಪು, ಊರಿನ ಗುಡ್ಡ

ನೀಲಗಿರಿ ಬೆಳೆದವರು ಕಟಾವಿನ ಹೊತ್ತಿಗೆ ಒಂದು ಷರತ್ತು ಹಾಕಿ: ತೊಗಟೆ ಇಲ್ಲೇ ಸುಲಿಯಬೇಕು, ತುದಿ, ಎಲೆ ಇಲ್ಲೇ ಬಿಡಬೇಕು. ಬರೀ ಬೋಳು ಕಾಂಡ ಹೋದರೆ ನೆಲದಿಂದ ಹೋಗುವ ಪೋಷಕಾಂಶ ಕಮ್ಮಿ. ತೊಗಟೆ ಸಮೇತ, ತುದಿ ಸಮೇತ ಲಾರಿ ಹತ್ತಿದರೆ ಮೂರು-ನಾಲ್ಕು ಕಟಾವಿನಲ್ಲಿ ನೆಲ ಸೋತುಹೋಗುತ್ತದೆ. ಬುಡಗಳನ್ನು ಯಂತ್ರದಿಂದ ಕಿತ್ತರೆ ಮಣ್ಣೆಲ್ಲ ತಿರುಗಿಬಿದ್ದು ಹಳೆಯ ಇಂಗಾಲವೂ ಬಿಸಿಲಿಗೆ ಬಿದ್ದು ಬೇಗ ಕರಗುತ್ತದೆ.

ಊರಿನ ಗುಡ್ಡಕ್ಕೆ ಗ್ರಾಮ ಅರಣ್ಯ ಸಮಿತಿ ಇದ್ದರೆ ಅಲ್ಲಿ ಎತ್ತಬೇಕಾದ ಮಾತು ಬೆಂಕಿಯದ್ದು. ಫೆಬ್ರವರಿಗೆ ಮುಂಚೆ ದಾರಿ, ರಸ್ತೆ ಬದಿಯ ಹುಲ್ಲು, ಒಣ ಕಡ್ಡಿ ತೆಗೆದು ಬೆಂಕಿ ರೇಖೆ ಮಾಡಬೇಕು. ಒಳಗಿನ ದಿಮ್ಮಿ, ತರಗೆಲೆ ಹಾಗೇ ಇರಲಿ. ತರಗೆಲೆ ಗುಡಿಸಿ ಒಯ್ಯುವ ಗುಡ್ಡದಲ್ಲಿ ಎಷ್ಟು ಸಸಿ ನೆಟ್ಟರೂ ಏಳೋದು ಕಷ್ಟ. ಸೌದೆಗೆ ಹೋಗುವ ಅಕ್ಕಂದಿರಿಗೆ ಒಣ ಕೊಂಬೆ ಬೇಕೇ ಬೇಕು, ಅದನ್ನು ಬೇಡ ಅನ್ನೋಕೆ ನಮಗೆ ಬಾಯಿಲ್ಲ. ಪೂರ್ತಿ ಕೊಳೆತು ಉರಿಯದೇ ಹೊಗೆಯಾಡುವ ದಿಮ್ಮಿಯನ್ನು ಅವರು ತಾವೇ ಮುಟ್ಟಲ್ಲ. ನಿಜವಾದ ತಂಟೆ ಬೀಡಿಯ ಕಿಡಿ, ಹೊಸ ಹುಲ್ಲು ಬರಲಿ ಅಂತ ಹಚ್ಚುವ ಬೆಂಕಿ. ದಪ್ಪ ದಿಮ್ಮಿಗೆ ಬೆಂಕಿ ಹತ್ತಿದರೆ ಗಂಟೆಗಟ್ಟಲೆ ಒಳಗೊಳಗೇ ಉರಿದು ಅದರ ಕೆಳಗಿನ ಮಣ್ಣು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಅಲ್ಲಿ ವರ್ಷಗಳವರೆಗೆ ಸರಿಯಾಗಿ ಹುಲ್ಲೂ ಬರಲ್ಲ.

ಹಾವು, ಚೇಳು

ದಿಮ್ಮಿಯ ಕೆಳಗೆ ತಂಪಿದೆ ಅಂದರೆ ಕೊಳಕುಮಂಡಲಕ್ಕೂ, ಚೇಳಿಗೂ ತಂಪೇ. ಬರಿಗೈಯಲ್ಲಿ ಎತ್ತಬೇಡಿ, ಉದ್ದ ಕೋಲು ಅಥವಾ ಹಾರೆಯಿಂದ, ನಿಮ್ಮ ಕಡೆಗೆ ಎಳೆದು ಎತ್ತಿ. ಆಗ ಒಳಗಿದ್ದದ್ದು ಆ ಕಡೆಯಿಂದ ಹೋಗಲು ದಾರಿ ಇರುತ್ತದೆ. ಮಕ್ಕಳು ಆಡುವ ಜಾಗ, ಮೋಟಾರ್ ಮನೆಯ ದಾರಿ, ರಾತ್ರಿ ನೀರು ಕಟ್ಟಲು ಹೋಗುವ ಒಡ್ಡು, ಇಲ್ಲೆಲ್ಲ ದಿಮ್ಮಿ ಬೇಡ. ಯಾರಿಗಾದರೂ ಕಚ್ಚಿದರೆ ನೇರ ಆಸ್ಪತ್ರೆಗೆ, ಬೇರೆ ಯಾವ ಉಪಾಯವೂ ಬೇಡ.

ಮತ್ತೆ ಪರೀಕ್ಷೆ ಮಾಡಿಸುವುದು ಯಾವಾಗ?

ಮರುವರ್ಷವೇ ಮಣ್ಣು ಪರೀಕ್ಷೆಗೆ ಓಡಬೇಡಿ, ಚೀಟಿಯಲ್ಲಿ ವ್ಯತ್ಯಾಸ ಕಾಣಲ್ಲ. ಕಂಡರೂ ಅದು ಮಣ್ಣು ತೆಗೆದ ಜಾಗದ ವ್ಯತ್ಯಾಸ ಇರಬಹುದು. ಮೂರ್ನಾಲ್ಕು ವರ್ಷ ಬಿಟ್ಟು, ಅದೇ ತಿಂಗಳಲ್ಲಿ, ಅದೇ ಜಾಗಗಳಿಂದ, ಅದೇ ಆಳದಿಂದ ತೆಗೆದು, ಸಾಧ್ಯವಾದರೆ ಅದೇ ಪ್ರಯೋಗಾಲಯಕ್ಕೆ ಕೊಡಿ. ದಿಮ್ಮಿ ಸಾಲಿನ ಮೇಲ್ಮಗ್ಗುಲಲ್ಲಿ ಕೂತ ಗೋಡು ಮಣ್ಣಿನದ್ದು ಒಂದು ಮಾದರಿ, ಹತ್ತು ಹೆಜ್ಜೆ ದೂರದ ಬಯಲಿನದ್ದು ಇನ್ನೊಂದು, ಬೇರೆ ಬೇರೆ ಚೀಲದಲ್ಲಿ, ಮೇಲೆ ಹೆಸರು ಬರೆದು. ಬೆರೆಸಿದರೆ ಏನೂ ತಿಳಿಯಲ್ಲ. ಹಳೆ ಚೀಟಿಯನ್ನು ಪಹಣಿ ಇಡುವ ಕವರಿನಲ್ಲೇ ಹಾಕಿಡಿ, ನಾಲ್ಕು ವರ್ಷ ಆದಮೇಲೆ ಹುಡುಕಿದರೂ ಸಿಗುತ್ತದೆ.